ಬೇಗ ತಿಳಿದರೆ ಒಳ್ಳೆಯದೇ?

ಕಳೆದ ತಿಂಗಳ ಎರಡನೆಯ ಭಾನುವಾರ ನಮ್ಮ ಸಂಘದಲ್ಲಿ ನಡೆದ ಉಪನ್ಯಾಸಕ್ಕೆ ಬಂದವರು ಹೆಚ್ಚೆಂದರೆ ಮೂವತ್ತು ಮಂದಿ. ನಾಟಕವೋ ಸುಗಮ ಸಂಗೀತವೋ ಇದ್ದರೆ ಕುರ್ಚಿ ಸಾಲದೆ ಗೋಡೆಗೊರಗಿ ನಿಲ್ಲುವ ಹೈದರಾಬಾದಿನ ಕನ್ನಡಿಗರಿಗೆ, ವಿಜ್ಞಾನ ಎಂದೊಡನೆ ಮನೆಯಲ್ಲಿ ಬಾಕಿ ಉಳಿದ ಕೆಲಸವೆಲ್ಲ ನೆನಪಾಗುತ್ತದೆ. ಬಾರದವರಿಗೆ ನಷ್ಟವಾಯಿತೆಂದು ಹೇಳದೆ ವಿಧಿಯಿಲ್ಲ. ಅಂದು ಮಾತನಾಡಿದವಳು ನಮ್ಮ ಹಳೆಯ ಸದಸ್ಯರೊಬ್ಬರ ಮಗಳು. ಇದೇ ಊರಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಕಲಿತು ಬೆಳೆದವಳು. ಈಗ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ರಕ್ತ, ಉಗುಳು, ಎಲುಬು ಇಂಥವುಗಳಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ ಪರೀಕ್ಷೆಗೆ ಅಣಿಮಾಡುವ ಕೆಲಸ ಹಿಂದೆ ದಿನಗಟ್ಟಲೆ ಹಿಡಿಯುತ್ತಿದ್ದುದು ಈಗ ಹೇಗೆ ನಿಮಿಷಗಳಿಗೆ ಇಳಿದಿದೆ ಎಂಬುದನ್ನು ಆಕೆ ಚೆನ್ನಾದ ಕನ್ನಡದಲ್ಲಿ, ನಡುವೆ ಒಂದೆರಡು ಕಡೆ ಮಾತ್ರ ತಡವರಿಸಿ, ವಿವರಿಸಿದಳು.

ಉಪನ್ಯಾಸ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿನಲ್ಲಿ ಮಂಗಳೂರು ಕಡೆಯ ಹಿರಿಯರೊಬ್ಬರು ಅವಳನ್ನು ಕೇಳಿದರು: “ಅಲ್ಲ ಮಗಾ, ಎಲ್ಲ ಸರಿ. ಎರಡು ದಿನದ ಕೆಲಸವನ್ನು ಎರಡು ಗಂಟೆಗೆ ಇಳಿಸಿದಿರಿ. ಇಷ್ಟು ಬೇಗ ತಿಳಿದು ಎಂಥ ಮಾಡ್ಲಿಕ್ಕುಂಟು?”

ಹುಡುಗಿ ನಕ್ಕಳು. “ಅದನ್ನ ಪರೀಕ್ಷೆ ಮಾಡಿಸೋಕೆ ಬಂದವರನ್ನೇ ಕೇಳಬೇಕು ಅಂಕಲ್. ನಮಗೆ ಸ್ಯಾಂಪಲ್ ಬರುತ್ತೆ, ನಾವು ಮಾಡಿ ಕೊಡ್ತೀವಿ, ಅಷ್ಟೆ.”

ಸುತ್ತ ಇದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಅವಳ ಉತ್ತರ ಪ್ರಾಮಾಣಿಕವಾದುದು. ಆದರೆ ಹಿರಿಯರ ಪ್ರಶ್ನೆ ಸಿಟಿ ಬಸ್ಸಿನಲ್ಲಿ ನಮ್ಮೊಡನೆ ಕುಳಿತು ಮನೆಯವರೆಗೂ ಬಂದಿತು. ತಾಳಿದವನು ಬಾಳಿಯಾನು ಎಂದು ಮಕ್ಕಳಿಗೆ ಹೇಳಿಕೊಡುವವರು ನಾವೇ, ಡಾಕ್ಟರ ಮುಂದೆ ಕುಳಿತಾಗ “ರಿಪೋರ್ಟು ಇವತ್ತೇ ಸಿಗುತ್ತದೆಯೇ?” ಎಂದು ಗೋಗರೆಯುವವರೂ ನಾವೇ. ಎರಡರಲ್ಲಿ ಯಾವುದು ನಮ್ಮ ನಿಜವಾದ ಮಾತು?

ಯೋಚನೆಗೆ ತೊಡಗುವ ಮೊದಲು ಆ ಹುಡುಗಿ ಹೇಳಿದ ಕೆಲಸದ ಬಗೆಯನ್ನು ನಮಗೆ ತಿಳಿದ ಮಟ್ಟಿಗೆ ಹೇಳಬೇಕು. ಡಿ.ಎನ್.ಎ. ಎಂಬುದು ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಒಳಗೂ ಸುರುಳಿ ಸುತ್ತಿ ಅಡಗಿರುವ ಒಂದು ದಾರ. ಅದು ಒಂಟಿಯಾಗಿಲ್ಲ. ಪ್ರೋಟೀನುಗಳಿಗೆ ಸುತ್ತಿಕೊಂಡು, ಜಿಡ್ಡಿನ ಪೊರೆಗಳ ಒಳಗೆ ಇರುತ್ತದೆ. ಪರೀಕ್ಷೆ ಮಾಡುವ ಯಂತ್ರ ಎಷ್ಟೇ ಚುರುಕಾಗಿರಲಿ, ಈ ದಾರವನ್ನು ಬಿಡಿಸಿ ತೊಳೆದು ಕೊಡದಿದ್ದರೆ ಅದು ಓದಲಾರದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಪದಾರ್ಥ ಒಂದಿಷ್ಟು ಉಳಿದರೂ ಪರೀಕ್ಷೆ ಕೆಡುತ್ತದಂತೆ. ಜೀನ್ಸ್ ಬಟ್ಟೆಯ ನೀಲಿ ಬಣ್ಣವೂ ಕೆಡಿಸಬಲ್ಲದಂತೆ. ಅನ್ನ ಬೇಯುವುದಕ್ಕಿಂತ ಅಕ್ಕಿಯ ಕಲ್ಲು ಆರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿದ್ದ ಕಾಲವನ್ನು ನಮ್ಮ ಮನೆಯ ಹೆಂಗಸರು ಮರೆತಿರಲಾರರು.

1980ರ ದಶಕದಲ್ಲಿ ಈ ಆರಿಸುವ ಕೆಲಸ ಹೀಗಿತ್ತು. ರಕ್ತಕ್ಕೆ ಸಾಬೂನಿನಂಥ ದ್ರವವನ್ನೂ ಪ್ರೋಟೀನನ್ನು ಅರಗಿಸುವ ಒಂದು ಕಿಣ್ವವನ್ನೂ ಸೇರಿಸಿ ರಾತ್ರಿಯೆಲ್ಲ ಬೆಚ್ಚಗೆ ಇಡುವುದು. ಬೆಳಿಗ್ಗೆ ಅದಕ್ಕೆ ಫಿನಾಲ್, ಕ್ಲೋರೋಫಾರಂ ಹಾಕಿ ಕುಲುಕಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸುವುದು. ಆಗ ಮಜ್ಜಿಗೆ ಕಡೆದು ಬಿಟ್ಟ ಹಾಗೆ ಪದರ ಪದರವಾಗಿ ನಿಲ್ಲುತ್ತದೆ. ನಡುವಿನ ಬಿಳಿಯ ಕೆನೆ ಕದಡದಂತೆ ಮೇಲಿನ ತಿಳಿಯನ್ನು ಮಾತ್ರ ಹೀರಿಕೊಳ್ಳಬೇಕು. ಕದಡಿದರೆ ಮತ್ತೆ ಮೊದಲಿನಿಂದ. ಕೊನೆಗೆ ತಣ್ಣನೆಯ ಸ್ಪಿರಿಟ್ ಸುರಿದರೆ ನೂಲೆಳೆಯಂತೆ ಬಿಳಿಯದೊಂದು ಕಾಣಿಸಿಕೊಳ್ಳುತ್ತದೆ. ಅದೇ ಡಿ.ಎನ್.ಎ. ಫಿನಾಲ್ ಕೈಗೆ ತಗುಲಿದರೆ ಚರ್ಮ ಸುಡುತ್ತದೆ. ಇಷ್ಟಾದ ಮೇಲೂ ಆ ಕಾಲದ ಪರೀಕ್ಷೆಗೆ ವಿಕಿರಣ ಸೂಸುವ ಗುರುತು ಹಚ್ಚಿ, ಎಕ್ಸ್‌ರೇ ಫಿಲ್ಮಿನ ಮೇಲೆ ದಿನಗಟ್ಟಲೆ ಒತ್ತಿಟ್ಟು ಕಾಯಬೇಕಿತ್ತು. ಎಲ್ಲ ಸೇರಿ ವಾರಗಳ ಕೆಲಸ.

1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬಾತನಿಗೆ ಹೊಳೆದ ಪಿ.ಸಿ.ಆರ್. ಎಂಬ ಯುಕ್ತಿಯಿಂದ ಒಂದು ಚೂರು ಡಿ.ಎನ್.ಎ.ಯನ್ನು ಕೋಟಿಗಟ್ಟಲೆ ಪ್ರತಿ ಮಾಡುವುದು ಸಾಧ್ಯವಾಯಿತು. ಆಮೇಲೆ ಅಣಿಮಾಡುವ ಕೆಲಸವೇ ನಿಧಾನವಾಗಿ ಕಾಣತೊಡಗಿತು. 1990ರಲ್ಲಿ ನೆದರ್ಲೆಂಡ್ಸಿನವರು ಒಂದು ಉಪಾಯ ಪ್ರಕಟಿಸಿದರು: ಒಂದು ಬಗೆಯ ಗಾಢವಾದ ಲವಣದ ದ್ರಾವಣದಲ್ಲಿ ಡಿ.ಎನ್.ಎ. ಸಿಲಿಕಾಕ್ಕೆ, ಎಂದರೆ ಮರಳು ಗಾಜುಗಳ ಜಾತಿಯ ಪುಡಿಗೆ, ಅಂಟಿಕೊಳ್ಳುತ್ತದೆ. ಕೊಳೆಯನ್ನೆಲ್ಲ ತೊಳೆದು ಹೋಗಗೊಟ್ಟು, ಆಮೇಲೆ ಅದನ್ನು ಬಿಡಿಸಿಕೊಂಡರಾಯಿತು. ನಮ್ಮ ಕಾಫಿ ಫಿಲ್ಟರಿನಲ್ಲಿ ಬೇಕಾದುದು ಕೆಳಗೆ ಇಳಿದು ಬೇಡವಾದುದು ಮೇಲೆ ಉಳಿಯುತ್ತದೆ. ಇಲ್ಲಿ ಅದು ತಿರುವುಮುರುವು. ಮರುವರ್ಷ ಅಮೆರಿಕದವರು ಚೆಲೆಕ್ಸ್ ಎಂಬ ಸಣ್ಣ ಮಣಿಗಳ ಜೊತೆ ಮಾದರಿಯನ್ನು ಕುದಿಸಿಬಿಡುವ ವಿಧಾನವನ್ನು ಹೇಳಿದರು. ಕುದಿಯಬೇಕಾದುದು ಎಂಟೇ ನಿಮಿಷ, ಒಂದು ಒಬ್ಬೆ ಇಡ್ಲಿ ಬೇಯುವುದರೊಳಗೆ ಮುಗಿಯಿತು. ಹಾಗೆ ತೆಗೆದದ್ದು ಅಷ್ಟು ಶುದ್ಧವಲ್ಲ, ಬಹುಕಾಲ ಇಟ್ಟರೆ ಕೆಡುತ್ತದೆ ಎಂಬುದನ್ನೂ ಆ ಹುಡುಗಿ ಮುಚ್ಚಿಡದೆ ಹೇಳಿದಳು. ಈಗಂತೂ ಅಯಸ್ಕಾಂತಕ್ಕೆ ಅಂಟುವ ಮಣಿಗಳು, ರಕ್ತದ ಹನಿಯನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದಾದ ಕಾಗದ, ಕೆನ್ನೆಯ ಒಳಗಿನಿಂದ ಒರೆಸಿದ ಹತ್ತಿಯ ಕಡ್ಡಿಯನ್ನು ತೂರಿಸಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಗುರುತಿನ ಪಟ್ಟಿಯನ್ನೇ ಕೊಡುವ ಪೆಟ್ಟಿಗೆ, ಎಲ್ಲ ಬಂದಿವೆ.

ಇದರಿಂದ ಬರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಅತ್ತಿಗೆಗೆ 1980ರ ದಶಕದಲ್ಲಿ ಕ್ಷಯವಿರಬಹುದೆಂದು ಸಂಶಯ ಬಂದಾಗ ಕಫವನ್ನು ಕಲ್ಚರಿಗೆ ಕೊಟ್ಟು ಬಂದೆವು. ಕ್ಷಯದ ರೋಗಾಣು ಬಲು ಸೋಮಾರಿ. ಪ್ರಯೋಗಾಲಯದ ಬಾಟಲಿಯಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ಆರರಿಂದ ಎಂಟು ವಾರ ತೆಗೆದುಕೊಳ್ಳುತ್ತದೆ. ಆ ಎರಡು ತಿಂಗಳು ಆಕೆಯ ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ. ಮೂರು ವರ್ಷದ ಮಗು ಬಾಗಿಲ ಆಚೆ ನಿಂತು ಅಮ್ಮನನ್ನು ಕರೆಯುವುದು, ಆಕೆ ಒಳಗಿನಿಂದಲೇ ಮಾತನಾಡಿಸುವುದು. ಕೊನೆಗೆ ಕ್ಷಯವಲ್ಲವೆಂದು ತಿಳಿಯಿತು. ಆ ಎರಡು ತಿಂಗಳನ್ನು ಆ ತಾಯಿಗೂ ಮಗುವಿಗೂ ಯಾರು ಹಿಂದಕ್ಕೆ ಕೊಟ್ಟಾರು?

ಇಂದು ಅದೇ ಕಫದಿಂದ ರೋಗಾಣುವಿನ ಡಿ.ಎನ್.ಎ.ಯನ್ನು ತೆಗೆದು ಒಂದೆರಡು ಗಂಟೆಗಳಲ್ಲಿ ಹೌದು ಅಲ್ಲ ಎನ್ನುವ ಯಂತ್ರಗಳಿವೆ. ಅವುಗಳಲ್ಲೊಂದಾದ ಟ್ರೂನ್ಯಾಟ್ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು ಎಂಬುದು ನಮಗೆ ಹೆಮ್ಮೆಯ ಮಾತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಂಗೀಕರಿಸಿತು. ಕಫವನ್ನು ಅಣಿಮಾಡುವ ಒಂದು ಪುಟ್ಟ ಪೆಟ್ಟಿಗೆ, ಓದುವ ಇನ್ನೊಂದು ಪುಟ್ಟ ಪೆಟ್ಟಿಗೆ; ಎರಡೂ ಬ್ಯಾಟರಿಯ ಮೇಲೆ ನಡೆಯುತ್ತವೆ. ಆದ್ದರಿಂದ ಕರೆಂಟು ಕೈಕೊಡುವ ಹಳ್ಳಿಯ ಆಸ್ಪತ್ರೆಯಲ್ಲೂ ಕೆಲಸಕ್ಕೆ ಬರುತ್ತವೆ. ರೋಗಿ ಆ ಊರಿಗೆ ಎರಡನೆಯ ಸಲ ಬಸ್ಸು ಹಿಡಿದು ಬರಬೇಕಾಗಿಲ್ಲ. ಕೂಲಿ ಬಿಟ್ಟು ಬರುವವನಿಗೆ ಈ ಒಂದು ದಿನ ಎಷ್ಟರದೆಂದು ಕಛೇರಿಯಲ್ಲಿ ರಜೆ ಬರೆದು ಬರುವ ನಮಗೆ ಸುಲಭವಾಗಿ ತಿಳಿಯುವುದಿಲ್ಲ.

ಹಾಗಾದರೆ ವೇಗ ಒಳ್ಳೆಯದು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪ್ರಶ್ನೆ ಕೇಳಿದ ಹಿರಿಯರು ಕಾಫಿಯ ಲೋಟ ಹಿಡಿದು ನಮ್ಮನ್ನು ಒಂದು ಮೂಲೆಗೆ ಕರೆದು, ತಾವು ಯಾಕೆ ಹಾಗೆ ಕೇಳಿದೆವೆಂಬುದನ್ನು ಹೇಳಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡವೆಂದರು.

2010ರ ಮೇ 22ರ ಬೆಳಿಗ್ಗೆ ದುಬಾಯಿಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಇದ್ದ 166 ಮಂದಿಯಲ್ಲಿ ಬದುಕಿ ಹೊರಬಂದವರು 8 ಮಂದಿ. ಸತ್ತ 158 ಮಂದಿಯಲ್ಲಿ ಈ ಹಿರಿಯರ ತಂಗಿಯ ಮಗನೂ ಒಬ್ಬ. ದುಬಾಯಿಗೆ ಹೋಗಿ ಮೂರು ವರ್ಷವಾಗಿತ್ತು, ತಂಗಿಯ ಮದುವೆಗೆಂದು ಬರುತ್ತಿದ್ದ. ಇವರು ಹೈದರಾಬಾದಿನಿಂದ ಹೊರಟು ಮುಟ್ಟುವುದರೊಳಗೆ ಬಾವ ಆಸ್ಪತ್ರೆಯ ಅಂಗಳದಲ್ಲಿ ಸಾಲು ದೇಹಗಳ ನಡುವೆ ಒಂದು ಕೈಗಡಿಯಾರವನ್ನು ನೋಡಿ ಇವನೇ ಎಂದಿದ್ದರು. “ಎತ್ತರವೂ ಅಷ್ಟೇ ಇತ್ತು ಮಾರಾಯ್ರೆ,” ಎಂದರು ಹಿರಿಯರು, “ಆದ್ರೆ ಅಂಥ ಗಡಿಯಾರ ದುಬಾಯಿಯಿಂದ ಬರುವವರಲ್ಲಿ ಎಷ್ಟು ಜನ ಕಟ್ಟುದಿಲ್ಲ?” ಮನೆಗೆ ತಂದರು, ಅಂದೇ ಸಂಸ್ಕಾರವಾಯಿತು.

ಹೀಗೆ ಬಹುಪಾಲು ದೇಹಗಳನ್ನು ಮನೆಯವರು ಕಣ್ಣಂದಾಜಿನಿಂದಲೇ ಗುರುತಿಸಿ ಒಯ್ದಿದ್ದರು. ಗುರುತು ಸಿಗದೆ ಉಳಿದವರದೂ, ಅವರಿಗಾಗಿ ಕಾದಿದ್ದ ನೆಂಟರದೂ ಮಾದರಿಗಳು ಪರೀಕ್ಷೆಗೆ ಬಂದದ್ದು ನಮ್ಮ ಈ ಊರಿಗೆ, ಸಿ.ಡಿ.ಎಫ್.ಡಿ. ಎಂದು ಕರೆಯುವ ಡಿ.ಎನ್.ಎ. ಕೇಂದ್ರಕ್ಕೆ. ಪರೀಕ್ಷೆ ಮುಗಿದ ಮೇಲೂ 12 ದೇಹಗಳು ಯಾರೊಂದಿಗೂ ಹೊಂದಲಿಲ್ಲ. ಅವನ್ನು ಕೂಳೂರಿನಲ್ಲಿ ನದಿಯ ಬಳಿ ಮಣ್ಣುಮಾಡಿದರು. ವಿಮಾನದಲ್ಲಿ ಯಾರಿದ್ದರೆಂಬ ಪಟ್ಟಿಯಲ್ಲಿ ಗುಟ್ಟೇನೂ ಇರಲಿಲ್ಲ. ಆದ್ದರಿಂದ ಆ ಹನ್ನೆರಡು ಮಂದಿ ಯಾರವರೂ ಅಲ್ಲವೆಂದಲ್ಲ. ಮೊದಲ ದಿನಗಳ ಗುರುತಿನಲ್ಲಿ ಎಲ್ಲೋ ಅದಲುಬದಲಾಗಿರಬೇಕು, ಕೆಲವರ ಮನೆಗೆ ಬೇರೆಯವರ ಮಕ್ಕಳು ಹೋಗಿರಬೇಕು ಎಂದೇ ತಿಳಿಯಬೇಕಾಗುತ್ತದೆ.

ಇದನ್ನು ಕೇಳಿದಾಗ, ಅಯ್ಯೋ, ಅಷ್ಟು ಅವಸರ ಯಾಕೆ ಮಾಡಿದರು ಎಂದು ನಮ್ಮ ಬಾಯಿಗೆ ಬಂದಿತ್ತು. ಆಡದೆ ಬಿಟ್ಟದ್ದು ಒಳ್ಳೆಯದಾಯಿತು. ಆ ತಂದೆ ಮಾಡಿದ್ದು ಅವಸರವಲ್ಲ. ಒಲೆ ಹಚ್ಚದ ಮನೆಯಲ್ಲಿ ತಾಯಿ ಬಾಗಿಲನ್ನೇ ನೋಡುತ್ತ ಕುಳಿತಿರುವಾಗ, ಎಷ್ಟು ದಿನವೆಂದು ಯಾರೂ ಹೇಳಲಾರದ ಕಾಯುವಿಕೆಯನ್ನು ಸಹಿಸಲಾರದೆ ಅವರು ಗಡಿಯಾರವನ್ನು ನಂಬಿದರು. ಎರಡು ಗಂಟೆ ತಾಳಿ ಎಂದಿದ್ದರೆ ತಾಳುತ್ತಿದ್ದರು; ನಾಳೆ ಬನ್ನಿ ಎಂದಿದ್ದರೂ ಬರುತ್ತಿದ್ದರು. ವೇಗ ಹೆಚ್ಚಿದರೆ ನಿಖರತೆ ಕೆಡುತ್ತದೆಂದು ನಾವೆಲ್ಲ ನಂಬಿದ್ದೇವೆ. ಇಲ್ಲಿ ಪರೀಕ್ಷೆ ನಿಧಾನವಾದುದರಿಂದಲೇ ಜನ ಅಂದಾಜಿಗೆ ಇಳಿಯಬೇಕಾಯಿತು. 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಪಟ್ಟಣವನ್ನು ಕಾಳ್ಗಿಚ್ಚು ನುಂಗಿ 85 ಮಂದಿ ಸತ್ತಾಗ, ಆ ಒಂದೂವರೆ ಗಂಟೆಯ ಪೆಟ್ಟಿಗೆಗಳನ್ನು ಹತ್ತಿರಕ್ಕೇ ತಂದು ಗುರುತು ಹಿಡಿದರು. ನಮ್ಮಲ್ಲಿ 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು, ಒಳಗಿದ್ದವರೂ ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತಾಗ ಬಹುಪಾಲು ದೇಹಗಳನ್ನು ಡಿ.ಎನ್.ಎ. ಹೊಂದಿದ ಮೇಲೆಯೇ ಒಪ್ಪಿಸಿದರು. ಕೊನೆಯವರ ಗುರುತು ಸಿಕ್ಕಿದ್ದು ಜೂನ್ 28ರಂದು. ಹದಿನಾರು ದಿನ! ನೆಂಟರ ಕೆನ್ನೆಯಿಂದಲೋ ರಕ್ತದಿಂದಲೋ ತೆಗೆದದ್ದು ಗಂಟೆಗಳಲ್ಲಿ ಅಣಿಯಾಗುತ್ತದೆ. ಬೆಂದ ಎಲುಬನ್ನು ಪುಡಿಮಾಡಿ, ಸುಣ್ಣದ ಅಂಶವನ್ನು ಕರಗಿಸಿ, ಅದರೊಳಗಿನ ಎಳೆಯನ್ನು ತೆಗೆಯುವುದು ಇಂದಿಗೂ ಅಷ್ಟು ಬೇಗ ಆಗುವುದಿಲ್ಲ. ವೇಗ ಬೇಕಾದದ್ದು ಅಲ್ಲಿಯೇ.

ಇಷ್ಟರಿಂದ ನಾವು ಒಂದು ವ್ಯತ್ಯಾಸವನ್ನು ಕಂಡುಕೊಂಡೆವು. ಕಾಯುವಿಕೆ ಬೇರೆ, ಅವಸರ ಬೇರೆ. ಕಾಯುವವನಿಗೆ ತಿಳಿಯಬೇಕಾದದ್ದು ತನ್ನದೇ ಬದುಕಿನ ವಿಷಯ. ತಿಳಿಯುವವರೆಗೆ ಅವನು ಮುಂದೆ ಹೆಜ್ಜೆಯಿಡಲಾರ. ಅವಸರದವನಿಗೆ ಬೇಕಾದದ್ದು ಇನ್ನೊಬ್ಬರ ವಿಷಯವೂ ಆಗಿರಬಹುದು, ತಿಳಿಯದಿದ್ದರೆ ಯಾರಿಗೂ ನಷ್ಟವಿಲ್ಲದ್ದೂ ಆಗಿರಬಹುದು. ಪ್ರಯೋಗಾಲಯಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಹುಡುಗಿ ಹೇಳಿದ ಹಾಗೆ ಅಲ್ಲಿಗೆ ಸ್ಯಾಂಪಲ್ ಬರುತ್ತದೆ, ಅಷ್ಟೆ.

ಈ ಮಾತಿಗೆ ನಮ್ಮ ಊರಿನದೇ ನಿದರ್ಶನವಿದೆ. ಹಬ್ಸಿಗುಡದ ಸಿ.ಸಿ.ಎಂ.ಬಿ.ಯಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು 1988ರ ಹೊತ್ತಿಗೆ ನಮ್ಮ ದೇಶದ್ದೇ ಆದ ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಸಿದ್ಧಪಡಿಸಿದರು. ಅದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೊದಲ ಪ್ರಕರಣ ಕೇರಳದ ತಲಶ್ಶೇರಿಯದು. ಹೆಂಗಸೊಬ್ಬಳು ತನ್ನ ಮಗುವಿನ ತಂದೆ ಈತನೇ, ಮಗುವಿನ ಜೀವನಾಂಶ ಕೊಡಿಸಿ ಎಂದು ಕೇಳಿದ್ದಳು. ಆತ ನಾನಲ್ಲ ಎಂದಿದ್ದ. ಪರೀಕ್ಷೆ ಆಕೆಯ ಮಾತನ್ನು ಎತ್ತಿಹಿಡಿಯಿತು. ಅಂದು ಈ ಪರೀಕ್ಷೆಯನ್ನು ಕಾದದ್ದು ಒಬ್ಬ ತಾಯಿ ಮತ್ತು ಮಗು.

ಈಗ ಇನ್ನೊಂದು. ಕೆಲವು ವರ್ಷಗಳ ಹಿಂದೆ ನಮಗೆ ಬಳಕೆಯಿದ್ದ ಒಬ್ಬ ಯಜಮಾನರು, ತೀರಿಹೋದ ಮಗನ ಪಾಲಿನ ಆಸ್ತಿಯ ಜಗಳದಲ್ಲಿ, ಸೊಸೆಗೆ ತಿಳಿಯದ ಹಾಗೆ ಮೊಮ್ಮಗನ ಪರೀಕ್ಷೆ ಮಾಡಿಸುವುದು ಹೇಗೆಂದು ನಮ್ಮನ್ನು ಕೇಳುತ್ತ ಬಂದರು. ರಕ್ತ ಬೇಡವಂತಲ್ಲ, ಮಲಗಿದಾಗ ಬಾಯೊಳಗೆ ಕಡ್ಡಿ ಆಡಿಸಿದರೆ ಸಾಕಂತಲ್ಲ, ಟಪಾಲಿನಲ್ಲಿ ಕಳಿಸಿದರೆ ಉತ್ತರ ಬರುತ್ತದಂತಲ್ಲ ಎಂದು ಅವರಿಗೆ ಎಲ್ಲ ತಿಳಿದೇ ಇತ್ತು. ಮಗುವಿಗೆ ಆಗ ಏಳು ವರ್ಷ. ತಾತನ ಹೆಗಲೇರಿ ನಮ್ಮ ಯುಗಾದಿ ಕೂಟಕ್ಕೆ ಬರುತ್ತಿದ್ದ. ನಾವು ಏನು ಹೇಳಿದೆವೆಂಬುದು ದೊಡ್ಡ ಮಾತಲ್ಲ. ಬೇಡವೆಂದು ಹೇಳಿದೆವು, ಅವರಿಗೆ ಸಿಟ್ಟು ಬಂದಿತು, ಅಂದಿನಿಂದ ಮಾತು ಕಡಿಮೆಯಾಯಿತು. ನಮ್ಮನ್ನು ಬಾಧಿಸಿದ್ದು ಬೇರೆ. ಹಿಂದಿನ ಕಾಲದಲ್ಲಿ ಇದೇ ಸಂಶಯ ಇದೇ ತಾತನಿಗೆ ಬಂದಿದ್ದರೆ, ಪರೀಕ್ಷೆಗೆ ಒಂದಿಷ್ಟು ರಕ್ತ ಬೇಕಾಗುತ್ತಿತ್ತು, ರಕ್ತಕ್ಕೆ ಡಾಕ್ಟರು ಬೇಕಾಗುತ್ತಿತ್ತು, ಡಾಕ್ಟರು ಯಾಕೆ ಎನ್ನುತ್ತಿದ್ದರು, ತಾಯಿಗೆ ತಿಳಿಯುತ್ತಿತ್ತು. ಸಂಶಯಕ್ಕೂ ಪರೀಕ್ಷೆಗೂ ನಡುವೆ ನಾಲ್ಕು ಬಾಗಿಲು ಇರುತ್ತಿದ್ದವು. ಅವನ್ನು ಯಾರೂ ಧರ್ಮಕ್ಕೆಂದು ಕಟ್ಟಿರಲಿಲ್ಲ. ಕೆಲಸ ಕಷ್ಟವಾಗಿದ್ದುದರಿಂದ ತಾವಾಗಿಯೇ ಇದ್ದವು. ಕೆಲಸ ಸುಲಭವಾದಾಗ ಬಾಗಿಲುಗಳೂ ಬಿದ್ದವು.

ನ್ಯಾಯಾಲಯಗಳು ಈ ಬಾಗಿಲುಗಳನ್ನು ಮತ್ತೆ ನಿಲ್ಲಿಸಲು ನೋಡಿವೆ. 1993ರಲ್ಲೇ ಸುಪ್ರೀಂ ಕೋರ್ಟು, ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶ ಕೊಡಲಾಗದು, ಒಲ್ಲದವರನ್ನು ಬಲವಂತಪಡಿಸಲಾಗದು ಎಂದಿತು. 2023ರ ತೀರ್ಪೊಂದರಲ್ಲಿ, ಗಂಡಹೆಂಡಿರ ಜಗಳದ ಮಧ್ಯೆ ಮಗುವಿನ ಹುಟ್ಟನ್ನು ಪ್ರಶ್ನಿಸಿ ಡಿ.ಎನ್.ಎ. ಪರೀಕ್ಷೆಗೆ ಎಳೆಯುವುದು ವಾಡಿಕೆಯಾಗಬಾರದು, ತನ್ನ ಗುರುತನ್ನು ಕಾಪಾಡಿಕೊಳ್ಳುವ ಹಕ್ಕು ಮಗುವಿಗೂ ಉಂಟು ಎಂಬ ಅಭಿಪ್ರಾಯವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ಸರಿಯೇ. ಆದರೆ ಟಪಾಲು ನ್ಯಾಯಾಲಯದ ಮುಂದೆ ಹಾದು ಹೋಗುವುದಿಲ್ಲವಲ್ಲ. ಡಿ.ಎನ್.ಎ. ಪ್ರಯೋಗಾಲಯಗಳಿಗೆ ಕಟ್ಟುಪಾಡು ಹಾಕಲೆಂದು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆಯನ್ನು 2023ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಈ ನಡುವೆ 2022ರ ಒಂದು ಕಾನೂನು, ಬಂಧಿತರ ಮತ್ತು ಶಿಕ್ಷೆಗೊಳಗಾದವರ ದೇಹದ ಮಾದರಿಗಳನ್ನು ತೆಗೆಯಲು ಪೊಲೀಸರಿಗೆ ದಾರಿಮಾಡಿ, ಅಂಥ ದಾಖಲೆಗಳನ್ನು 75 ವರ್ಷ ಇಡಬಹುದೆಂದಿತು; ನಿರ್ದೋಷಿಯೆಂದು ಬಿಡುಗಡೆಯಾದ ಹೊಸಬನದನ್ನು ಅಳಿಸಬೇಕೆಂಬ ನಿಯಮವೂ ಅದರಲ್ಲಿದೆ. ತೆಗೆಯಲು ಒಂದೂವರೆ ಗಂಟೆ, ಇಡಲು ಒಂದು ಆಯುಷ್ಯ.

ಹಳೆಯದೆಲ್ಲ ಒಳ್ಳೆಯದಿತ್ತೆಂದು ಹೇಳುವ ವಯಸ್ಸು ನಮಗೂ ಬಂದಿದೆ. ಆದರೆ ಈ ವಿಷಯದಲ್ಲಿ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಹಳೆಯ ವಿಧಾನದಲ್ಲಿ ಮಾದರಿ ಒಂದು ನಳಿಕೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೋಗಬೇಕಿತ್ತು. ಒಂದೊಂದು ಸಲವೂ ಚೀಟಿ ಅದಲುಬದಲಾಗುವ, ಒಬ್ಬರದು ಇನ್ನೊಬ್ಬರದಕ್ಕೆ ಸೇರುವ ಭಯ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಭಯ ಕಡಿಮೆ. ಆದರೆ ತಪ್ಪು ಪೆಟ್ಟಿಗೆಯ ಹೊರಗಿನಿಂದಲೇ ಬರಬಹುದು. 2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್ ಎಂಬಲ್ಲಿ ಒಬ್ಬ ಮಹಿಳಾ ಪೊಲೀಸಳ ಕೊಲೆಯಾಯಿತು. ಅಲ್ಲಿ ಸಿಕ್ಕ ಡಿ.ಎನ್.ಎ. ಒಬ್ಬ ಅಪರಿಚಿತ ಹೆಂಗಸಿನದು. ಅದೇ ಹೆಂಗಸಿನ ಗುರುತು ಜರ್ಮನಿ, ಆಸ್ಟ್ರಿಯ, ಫ್ರಾನ್ಸುಗಳ ಸುಮಾರು 40 ಅಪರಾಧದ ಸ್ಥಳಗಳಲ್ಲಿ ಸಿಕ್ಕಿತ್ತು. ಆಕೆಯನ್ನು ಹಿಡಿದುಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನ ಸಾರಿದರು. 2009ರಲ್ಲಿ ತಿಳಿದುಬಂದದ್ದೇನು? ಅಂಥ ಕೊಲೆಗಾತಿಯೇ ಇರಲಿಲ್ಲ. ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳನ್ನು ಪ್ಯಾಕ್ ಮಾಡುವ ಕಾರ್ಖಾನೆಯ ಒಬ್ಬ ಬಡ ಕೆಲಸಗಾರ್ತಿಯ ಡಿ.ಎನ್.ಎ. ಅದು! ಕಡ್ಡಿಗಳಲ್ಲಿ ಕ್ರಿಮಿಯಿರಲಿಲ್ಲ, ಡಿ.ಎನ್.ಎ. ಇತ್ತು.

ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ಮುಂದಿನದಕ್ಕೆ ನಗು ಬರುವುದಿಲ್ಲ. 2011ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ, ಒಮ್ಮೆ ಬಳಸಿ ಎಸೆಯಬೇಕಾದ ಪ್ಲಾಸ್ಟಿಕ್ ತಟ್ಟೆಯನ್ನು ಎರಡನೆಯ ಸಲ ಬಳಸಿಬಿಟ್ಟರು. ಮೊದಲು ಅದರಲ್ಲಿದ್ದದ್ದು ದೇಶದ ಇನ್ನೊಂದು ಮೂಲೆಯ ಯುವಕನೊಬ್ಬನ ಉಗುಳು. ಆಮೇಲೆ ಬಂದದ್ದು ಮ್ಯಾಂಚೆಸ್ಟರಿನ ಅತ್ಯಾಚಾರದ ಪ್ರಕರಣವೊಂದರ ಮಾದರಿ. ಎಂದೂ ಮ್ಯಾಂಚೆಸ್ಟರನ್ನು ಕಾಣದ ಆ ಹುಡುಗ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದ. ನಾನಲ್ಲ, ನಾನು ಅಲ್ಲಿರಲೇ ಇಲ್ಲ ಎಂದ ಅವನ ಮಾತಿಗಿಂತ ತಟ್ಟೆಯ ಮಾತು ದೊಡ್ಡದಾಯಿತು. ವೇಗವಾಗಿ ಬಂದ ಉತ್ತರಕ್ಕೆ ಒಂದು ಬಗೆಯ ಗತ್ತು ಇರುತ್ತದೆಯೋ ಏನೋ. ಹದಿನೈದು ದಿನ ಕಷ್ಟಪಟ್ಟು ತೆಗೆದ ಉತ್ತರವನ್ನು ಮತ್ತೊಮ್ಮೆ ನೋಡಬೇಕೆನ್ನಿಸುತ್ತದೆ. ಗುಂಡಿ ಒತ್ತಿದೊಡನೆ ಬಂದದ್ದನ್ನು ಗಡಿಯಾರ ನೋಡಿದ ಹಾಗೆ ನೋಡಿ ನಂಬಿಬಿಡುತ್ತೇವೆ. ಹತ್ತಿಯ ಕಡ್ಡಿಗಳನ್ನು ಎರಡು ತೆಗೆದು ಒಂದನ್ನು ಮುಟ್ಟದೆ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ ಎಂದು ಆ ಹುಡುಗಿ ಹೇಳಿದಳು. ನಮಗೆ ಅವಳ ಉಪನ್ಯಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಎರಡನೆಯ ಕಡ್ಡಿ.

ಇನ್ನೊಂದು ಮಾತನ್ನು ಹೇಳಿಬಿಡಬೇಕು. ಮಾದರಿಯನ್ನು ಅಣಿಮಾಡುವ ಹೊತ್ತು ಎರಡು ದಿನದಿಂದ ಎರಡು ಗಂಟೆಗೆ ಇಳಿದರೂ ಕಾಯುವವರ ಕಾಯುವಿಕೆ ಅಷ್ಟೇ ಇಳಿಯುವುದಿಲ್ಲ. ಮಾದರಿ ಪೊಲೀಸು ಠಾಣೆಯ ಕಪಾಟಿನಲ್ಲಿ ಇರುತ್ತದೆ, ಮೊಹರಿಗೆ ಕಾಯುತ್ತದೆ, ಸಾಗಿಸುವವನಿಗೆ ಕಾಯುತ್ತದೆ, ಪ್ರಯೋಗಾಲಯದಲ್ಲಿ ತನ್ನ ಸರದಿಗೆ ಕಾಯುತ್ತದೆ, ವರದಿ ಸಹಿಗೆ ಕಾಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಅಳವಡಿಸಿಕೊಳ್ಳಬೇಕು. ಮಾದರಿಗಳು ಇನ್ನೂ ಹೆಚ್ಚುವುದು ಖಂಡಿತ. ಯಂತ್ರ ಕೊಳ್ಳುವುದಕ್ಕೆ ಮಂಜೂರಾತಿ ಬೇಗ ಸಿಗುತ್ತದೆ, ಕೈಗಳನ್ನು ನೇಮಿಸುವುದಕ್ಕೆ ಸಿಗುವುದಿಲ್ಲ ಎಂಬುದು ಸರ್ಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಸವೆಸಿದ ನಮ್ಮ ಅನುಭವ. ಹೀಗಿರುವಾಗ ಆ ಸರದಿಯಲ್ಲಿ ಮೊದಲು ಯಾರು, ಆಮೇಲೆ ಯಾರು ಎಂಬುದನ್ನು ಯಂತ್ರ ಹೇಳಿಕೊಡುವುದಿಲ್ಲ. ಹಣವುಳ್ಳವನ ಸಂಶಯ ಖಾಸಗಿ ಪ್ರಯೋಗಾಲಯದಲ್ಲಿ ಮೂರು ದಿನದಲ್ಲಿ ತೀರಿ, ಮಗಳನ್ನು ಕಳೆದುಕೊಂಡ ಬಡವನ ಮಾದರಿ ಕಪಾಟಿನಲ್ಲಿ ಉಳಿದರೆ, ಅದನ್ನು ವಿಜ್ಞಾನದ ಮುನ್ನಡೆ ಎನ್ನಲು ನಮಗೆ ನಾಲಿಗೆ ಬಾರದು.

ಆ ಹಿರಿಯರ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅವರ ತಂಗಿಯ ಮನೆಯಲ್ಲಿ ಸಂಸ್ಕಾರ ಮುಗಿದು ಎಷ್ಟೋ ದಿನದ ಮೇಲೆ, ಕೂಳೂರಿನ ಹನ್ನೆರಡು ಮಂದಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಬಾವ ಎರಡು ದಿನ ಮಾತನಾಡಲಿಲ್ಲವಂತೆ. ಆ ಹನ್ನೆರಡು ಮಂದಿಯ ಮಾದರಿ ತೆಗೆದದ್ದುಂಟು. ತಂದೆತಾಯಿಯದು ಕೊಟ್ಟರೆ ಇಂದು ಉತ್ತರಕ್ಕೆ ಎಷ್ಟು ಹೊತ್ತು ಬೇಕಾದೀತು? ಹುಡುಗಿಯ ಉಪನ್ಯಾಸ ಕೇಳುತ್ತಿದ್ದಾಗ ಹಿರಿಯರ ಮನಸ್ಸಿನಲ್ಲಿದ್ದದ್ದು ಅದೇ. ಅವರ ಪ್ರಶ್ನೆ ವೇಗದ ಮೇಲಿನ ಸಿಟ್ಟಿನಿಂದ ಬಂದದ್ದಲ್ಲವೆಂದು ನಮಗೆ ಆಗ ತಿಳಿಯಿತು.

“ಕೇಳಿದಿರಾ?” ಎಂದೆವು ನಾವು.

“ಬಾವ ಇದ್ದಾಗ ಒಮ್ಮೆ ಕೇಳಿದ್ದೆ. ಬೇಡ ಅಂದರು. ತಂಗಿಯ ಹತ್ತಿರ ಕೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ. ಅವಳಿಗೆ ಗೊತ್ತಿಲ್ಲ ಅಂತಲೂ ಹೇಳ್ಲಿಕ್ಕಾಗುದಿಲ್ಲ.”

ಯಾಕೆ ಹಾಗೆನ್ನುತ್ತೀರಿ ಎಂದದ್ದಕ್ಕೆ ಅವರು ಲೋಟವನ್ನು ಕೆಳಗಿಟ್ಟು ಹೇಳಿದರು: ಪ್ರತಿ ವರ್ಷ ತಿಥಿಯ ದಿನ ಮನೆಯಲ್ಲಿ ಎಲ್ಲ ಶಾಸ್ತ್ರ ಮುಗಿಸಿ, ನೆಂಟರಿಗೆ ಎಲೆ ಹಾಕಿ ಬಡಿಸಿ, ಸಂಜೆಗೆ ಆಕೆ ಆಟೋ ಮಾಡಿಕೊಂಡು ಕೂಳೂರಿಗೆ ಹೋಗುತ್ತಾಳೆ. ಜೊತೆಗೆ ಯಾರನ್ನೂ ಕರೆಯುವುದಿಲ್ಲ. ಹೋಗುವಾಗ ಹೂವಿನ ಅಂಗಡಿಯಲ್ಲಿ ಮಲ್ಲಿಗೆಯನ್ನು ಹನ್ನೆರಡು ತುಂಡು ಮಾಡಿ ಕಟ್ಟಿಸಿಕೊಳ್ಳುತ್ತಾಳೆ.